ಹೊಗೆ ಇಳಿದರೆ ಮೊದಲ ಲಾಭ ಯಾರಿಗೆ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ದಾಬಸ್‌ಪೇಟೆ ಕಡೆಗೆ ಹೋಗುವ ದೊಡ್ಡ ರಸ್ತೆ ಹತ್ತಿರದಲ್ಲೇ ಇದೆ. ಮಗನಿಗೆ ಒಂಬತ್ತು ವರ್ಷ. ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ ರಾತ್ರಿ ಎದೆ ಗೊರಗೊರ ಎನ್ನುತ್ತದೆ, ಶಿವರಾತ್ರಿವರೆಗೂ ಬಿಡುವುದಿಲ್ಲ. ಡಾಕ್ಟರು ಅಸ್ತಮಾ ಎಂದು ಪಂಪ್ ಬರೆದುಕೊಟ್ಟಿದ್ದಾರೆ. ಅಡುಗೆಗೆ ಗ್ಯಾಸ್ ಇದೆ. ಸ್ನಾನದ ನೀರಿಗೆ ಮಾತ್ರ ಅತ್ತೆ ಹಂಡೆ ಒಲೆಗೇ ಸೌದೆ ಹಾಕುತ್ತಾರೆ, ಅವರಿಗೂ ಕೆಮ್ಮು. ಯಜಮಾನರು ಡೀಸೆಲ್ ಗೂಡ್ಸ್ ಗಾಡಿ ಓಡಿಸುತ್ತಾರೆ, ಅದೇ ನಮ್ಮ ಅನ್ನ. ಶಾಲೆಯಲ್ಲಿ ‘ಇಂಗಾಲ ಕಡಿಮೆ ಮಾಡೋಣ’ ಎಂದು ಭಾಷಣ ಸ್ಪರ್ಧೆ ಇಟ್ಟಿದ್ದರು. ಮಗ ಮನೆಗೆ ಬಂದು ‘ಅಪ್ಪನ ಗಾಡಿಯಿಂದ ಭೂಮಿ ಬಿಸಿಯಾಗುತ್ತೆ’ ಅಂದ. ಅವರು ಊಟ ಬಿಟ್ಟು ಎದ್ದರು. ಭೂಮಿ ತಣ್ಣಗಾಗುವುದು ಐವತ್ತು ವರ್ಷದ ಮಾತು, ನನಗೆ ಈ ಚಳಿಗಾಲದ್ದೇ ಚಿಂತೆ. ನಾವು ಹೊಗೆ ಕಡಿಮೆ ಮಾಡಿದರೆ ನನ್ನ ಮಗನಿಗೆ ಏನಾದರೂ ಅನುಕೂಲ ಆಗುತ್ತದೆಯೇ? ಇಲ್ಲಾ, ಅದೆಲ್ಲ ದೊಡ್ಡವರ ದೊಡ್ಡ ಮಾತೇ?
– ಹೆಸರು ಬೇಡ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಆಗುತ್ತದೆ. ಹೊಗೆ ಇಳಿದರೆ ಅದರ ಮೊದಲ ಫಲ ಸಿಗುವುದು ನಿಮ್ಮ ಮಗನಿಗೆ, ನಿಮ್ಮ ಅತ್ತೆಗೆ, ದಿನವಿಡೀ ಗಾಡಿಯಲ್ಲಿ ಕೂರುವ ನಿಮ್ಮ ಯಜಮಾನರಿಗೆ. ಭೂಮಿಯ ಪಾಲು ಆಮೇಲೆ ಬರುತ್ತದೆ.

ಹೇಗೆಂದು ಹೇಳುವ ಮೊದಲು ಔಷಧಿಯ ವಿಷಯ ಮುಗಿಸುತ್ತೇನೆ. ಡಾಕ್ಟರು ಕೊಟ್ಟ ಪಂಪನ್ನು ನೀವಾಗಿಯೇ ನಿಲ್ಲಿಸಬೇಡಿ. ‘ಪಂಪ್ ಒಮ್ಮೆ ಹಿಡಿದರೆ ಬಿಡಿಸೋಕಾಗಲ್ಲ’ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳುತ್ತದೆ. ಅದು ಚಟ ಹಿಡಿಸುವ ಔಷಧಿಯಲ್ಲ. ತೀರಾ ಸಣ್ಣ ಪ್ರಮಾಣದ ಮದ್ದು ನೇರವಾಗಿ ಶ್ವಾಸನಾಳಕ್ಕೆ ಹೋಗಲೆಂದೇ ಅದನ್ನು ಮಾಡಿರುವುದು. ದಿನಾ ಎಳೆಯಬೇಕಾದ ಪಂಪ್ ಬೇರೆ, ಉಬ್ಬಸ ಬಂದಾಗ ಎಳೆಯುವ ಪಂಪ್ ಬೇರೆ. ನಿಮ್ಮಲ್ಲಿರುವುದು ಯಾವುದೆಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಕೊಟ್ಟರೆ ಮದ್ದು ಗಂಟಲಲ್ಲೇ ಉಳಿಯದೆ ಎದೆಗೆ ಇಳಿಯುತ್ತದೆ. ಒಂದು ವಾಕ್ಯ ಪೂರ್ತಿ ಆಡಲೂ ಆಗದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ತುಟಿ ನೀಲಿಗಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ 108ಕ್ಕೆ ಕರೆ ಮಾಡಿ.

ಈಗ ಹೊಗೆಯ ಮಾತು. ಸೌದೆ ಇರಲಿ, ಡೀಸೆಲ್ ಇರಲಿ, ಕಲ್ಲಿದ್ದಲು ಇರಲಿ, ಉರಿಯುವಾಗ ಒಂದೇ ಬೆಂಕಿಯಿಂದ ಎರಡು ಬಗೆಯ ಸರಕು ಹೊರಬೀಳುತ್ತದೆ. ಮೊದಲನೆಯದು ಇಂಗಾಲದ ಡೈ ಆಕ್ಸೈಡ್. ಬಯಲಿನ ಗಾಳಿಯಲ್ಲಿರುವಷ್ಟರಿಂದ ನಿಮ್ಮ ಮಗನ ಎದೆಗೆ ನೇರ ತೊಂದರೆ ಇಲ್ಲ. ಆದರೆ ಅದರ ದೊಡ್ಡ ಪಾಲು ನೂರಾರು ವರ್ಷ ವಾತಾವರಣದಲ್ಲಿ ಉಳಿದು ಇಡೀ ಜಗತ್ತಿಗೆ ಹರಡಿ ಭೂಮಿಯನ್ನು ಬಿಸಿ ಮಾಡುತ್ತದೆ. ಎರಡನೆಯದು ಪೂರ್ತಿ ಉರಿಯದೆ ಉಳಿದ ಮಸಿ, ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್, ಸಾರಜನಕದ ಆಕ್ಸೈಡ್‌ಗಳು. ಇವುಗಳ ಆಯುಸ್ಸು ಕಡಿಮೆ, ಮಸಿಯಂತೂ ಗಾಳಿಯಲ್ಲಿರುವುದು ಹೆಚ್ಚೆಂದರೆ ಒಂದೆರಡು ವಾರ. ಆದರೆ ಅಷ್ಟರಲ್ಲೇ ಹತ್ತಿರದವರ ಎದೆಗೆ ಇಳಿದಿರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಬೆಂಕಿ ಆರಿಸಿದಾಗ ಇಂಗಾಲದ ಲಾಭ ನಿಧಾನವಾಗಿ ಲೋಕಕ್ಕೆಲ್ಲ ಹಂಚಿಹೋಗುತ್ತದೆ. ಮಸಿಯ ಲಾಭ ಮಾತ್ರ ಆ ವಾರವೇ, ಆ ಓಣಿಯಲ್ಲೇ ಸಿಗುತ್ತದೆ.

ನಿಮ್ಮ ಬಚ್ಚಲಮನೆಯ ಸೂರನ್ನೊಮ್ಮೆ ನೋಡಿ. ಜಂತೆಯಿಂದ ಕಪ್ಪು ಎಳೆಎಳೆಯಾಗಿ ಇಲ್ಲಣ ಜೋತಿರುತ್ತದೆ. ಬಿಳಿ ಬಟ್ಟೆಯಿಂದ ಒಂದು ಮೂಲೆ ಒರೆಸಿದರೆ ಜಿಡ್ಡಿನಂತೆ ಹತ್ತುತ್ತದೆ, ಸೋಪು ಹಾಕಿದರೂ ಬೇಗ ಬಿಡುವುದಿಲ್ಲ. ಸೂರಿಗೆ ಹತ್ತಿದ್ದು ಕಣ್ಣಿಗೆ ಕಾಣುವಷ್ಟು ಗುಡ್ಡೆಯಾದ ಮಸಿ. ಕಾಣದಷ್ಟು ಸಣ್ಣದು ಒಲೆ ಊದುವವರ ಒಳಗೆ ಹೋಗಿದೆ. ಪಿಎಂ 2.5 ಎಂದು ಕರೆಯುವ ಈ ಕಣದ ಅಗಲ ತಲೆಗೂದಲಿನ ಸುಮಾರು ಮೂವತ್ತರಲ್ಲೊಂದು ಪಾಲು. ಮೂಗಿನ ಕೂದಲು, ಗಂಟಲ ಕಫ ಯಾವುದೂ ಅದನ್ನು ಪೂರ್ತಿ ತಡೆಯುವುದಿಲ್ಲ. ಶ್ವಾಸಕೋಶದ ಕೊನೆಯ ಗುಳ್ಳೆಯವರೆಗೆ ಹೋಗುತ್ತದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿಯೇ ಹೊಗೆಯ ಕಾಯಿಲೆ ಕೆಮ್ಮು, ದಮ್ಮಿಗೆ ನಿಲ್ಲದೆ ಹೃದಯಾಘಾತ, ಲಕ್ವ, ಕಡಿಮೆ ತೂಕದ ಹೆರಿಗೆಯವರೆಗೆ ಹೋಗುತ್ತದೆ. 2019ರಲ್ಲಿ ಭಾರತದಲ್ಲಿ ಸುಮಾರು 16.7 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣ ಎಂಬುದು ರಾಜ್ಯವಾರು ರೋಗಭಾರ ಅಧ್ಯಯನದ ಅಂದಾಜು, ಅಂದರೆ ಆ ವರ್ಷದ ಒಟ್ಟು ಸಾವುಗಳಲ್ಲಿ ಶೇ 17.8. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯಂತೆ ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ ದಾಟಬಾರದು. ನಮ್ಮ ದೇಶದ ಮಿತಿಯೇ 40.

ಚಳಿಗಾಲದಲ್ಲೇ ಏಕೆ ಹೆಚ್ಚು? ನೆಗಡಿಯ ವೈರಾಣು, ತಣ್ಣನೆ ಗಾಳಿ ಒಂದು ಕಾರಣ. ಇನ್ನೊಂದು ಕಾರಣವನ್ನು ಡಿಸೆಂಬರ್‌ನ ಬೆಳಗ್ಗೆ ನಂದಿಬೆಟ್ಟದ ಮೇಲೆ ನಿಂತರೆ ಕಣ್ಣಾರೆ ನೋಡಬಹುದು. ಕೆಳಗೆ ದೊಡ್ಡಬಳ್ಳಾಪುರ, ದೇವನಹಳ್ಳಿ ಬಯಲಿನ ಮೇಲೆ ಮಂಜಿನ ಜೊತೆ ಹೊಗೆಯೂ ಕವಿದು ಬೂದು ಪದರ ಮಲಗಿರುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ ತಣ್ಣನೆ ಗಾಳಿ ಕೆಳಗೂ, ಬೆಚ್ಚನೆ ಗಾಳಿ ಮೇಲೂ ನಿಂತುಬಿಡುತ್ತದೆ. ಒಲೆಯ, ರಸ್ತೆಯ, ಕಸದ ಹೊಗೆಗೆ ಮೇಲೇರಲು ದಾರಿಯಿಲ್ಲ. ಬಿಸಿಲೇರಿದ ಮೇಲೆ ಚದುರುತ್ತದೆ. ನಿಮ್ಮ ಮನೆಯ ಹಂಡೆ ಒಲೆ ಹೊತ್ತುವುದೂ, ಮಗ ಎದ್ದು ಬಚ್ಚಲಿಗೆ ಹೋಗುವುದೂ ಆ ಹೊತ್ತಿನಲ್ಲೇ.

ಹೊಗೆ ಇಳಿದಾಗ ಆರೋಗ್ಯ ಎಷ್ಟು ಬೇಗ ಸುಧಾರಿಸುತ್ತದೆ ಎಂಬುದಕ್ಕೆ ಲೋಕದಲ್ಲಿ ಸಾಕಷ್ಟು ನಿದರ್ಶನಗಳಿವೆ. 1990ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹೊಗೆಯ ಕಲ್ಲಿದ್ದಲಿನ ಮಾರಾಟ ನಿಷೇಧವಾಯಿತು. ಗಾಳಿಯ ಕಪ್ಪು ಹೊಗೆ ಸುಮಾರು ಶೇ 70ರಷ್ಟು ಇಳಿಯಿತು, ಉಸಿರಾಟದ ಕಾಯಿಲೆಯಿಂದಾಗುವ ಸಾವುಗಳೂ ಇಳಿದವು. 2008ರ ಒಲಿಂಪಿಕ್ಸ್‌ಗಾಗಿ ಬೀಜಿಂಗ್‌ನಲ್ಲಿ ಕೆಲವು ವಾರ ಕಾರ್ಖಾನೆಗಳನ್ನೂ ವಾಹನಗಳನ್ನೂ ಹತೋಟಿಯಲ್ಲಿಟ್ಟರು. ಆ ವಾರಗಳಲ್ಲಿ ಎಂಟನೇ ತಿಂಗಳಲ್ಲಿದ್ದ ಗರ್ಭಿಣಿಯರಿಗೆ ಹುಟ್ಟಿದ ಮಕ್ಕಳು ಹಿಂದಿನ, ಮುಂದಿನ ವರ್ಷದ ಅದೇ ದಿನಗಳ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. ಅಮೆರಿಕದ ಜೇಸನ್ ವೆಸ್ಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಜಗತ್ತು ಹಸಿರುಮನೆ ಅನಿಲಗಳನ್ನು ಗಟ್ಟಿಯಾಗಿ ಇಳಿಸಿದರೆ ಗಾಳಿ ಶುದ್ಧವಾಗುವುದರಿಂದಲೇ 2030ರ ಹೊತ್ತಿಗೆ ವರ್ಷಕ್ಕೆ 5 ಲಕ್ಷ, 2050ರ ಹೊತ್ತಿಗೆ 13 ಲಕ್ಷ ಅಕಾಲ ಸಾವುಗಳು ತಪ್ಪುತ್ತವೆ. ನಮ್ಮ ದೇಶದಲ್ಲೂ 1990ರಿಂದ 2019ರೊಳಗೆ ಮನೆಯೊಳಗಿನ ಹೊಗೆಯಿಂದಾಗುವ ಸಾವಿನ ದರ ಶೇ 64ರಷ್ಟು ಇಳಿದಿದೆ. ಅದೇ ಅವಧಿಯಲ್ಲಿ ಹೊರಗಿನ ಗಾಳಿಯಿಂದಾಗುವ ಸಾವಿನ ದರ ಎರಡು ಪಟ್ಟಿಗೂ ಮೀರಿ ಏರಿದೆ. ಒಳಗಿನ ಒಲೆಯಲ್ಲಿ ಗಳಿಸಿದ್ದನ್ನು ಹೊರಗಿನ ರಸ್ತೆ, ಚಿಮಣಿಗಳು ಕಿತ್ತುಕೊಳ್ಳುತ್ತಿವೆ.

ದೂರದ ಮಾತೇಕೆ, ನಿಮ್ಮ ಪಕ್ಕದ ಜಿಲ್ಲೆಯನ್ನೇ ನೋಡಿ. ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ 2005ರಲ್ಲಿ ಅಲ್ಲಿನ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಾಯಿತವಾಯಿತು. 5,500 ಮನೆಗಳಿಗೆ ತಲಾ ಒಂದು ಗ್ಯಾಸ್ ಗುಂಡಿ ಕಟ್ಟುವುದು, ಸೌದೆ, ಸೀಮೆಎಣ್ಣೆ ಉಳಿಯುವುದರಿಂದ ತಪ್ಪುವ ಹಸಿರುಮನೆ ಅನಿಲವನ್ನು ಇಂಗಾಲದ ಲೆಕ್ಕದಲ್ಲಿ ಹೊರದೇಶಕ್ಕೆ ಮಾರಿ ಆ ಹಣದಿಂದ ಖರ್ಚು ತೂಗಿಸುವುದು ಯೋಜನೆ. ಲೆಕ್ಕದ ಪುಸ್ತಕದಲ್ಲಿ ಅದು ಹವಾಮಾನದ ಕೆಲಸ. ಅಡುಗೆಮನೆಯಲ್ಲಿ ನಿಂತ ಹೆಂಗಸಿಗೆ ಸಿಕ್ಕಿದ್ದು ಕಣ್ಣುರಿ ಇಲ್ಲದ ಒಲೆ, ಸೌದೆ ಹೊರುವುದರಿಂದ ಬಿಡುವು, ಹೊಲಕ್ಕೆ ಕಳಿತ ಗೊಬ್ಬರ. ಅದಕ್ಕೂ ಬಹಳ ಮೊದಲು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಹಳ್ಳಿಯ ಒಲೆಗಳನ್ನೇ ಅಧ್ಯಯನಕ್ಕೆ ಎತ್ತಿಕೊಂಡಿತ್ತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಪಾತ್ರೆಗೆ ಹೋಗುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಿಂದ ಹೊರಗೆ ಹಾಕುವ ಅಸ್ತ್ರ ಒಲೆ ಹುಟ್ಟಿದ್ದು ಹಾಗೆ.

ಇನ್ನು ನಿಮ್ಮ ಮನೆ. ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದದ್ದು ಹಂಡೆ ಒಲೆಯನ್ನು. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆ ಉಳಿದುಬಿಟ್ಟಿರುವುದು ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ. ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಸೊಪ್ಪುಸದೆ, ತೆಂಗಿನ ಗರಿ ದುಡ್ಡಿಲ್ಲದೆ ಸಿಗುತ್ತವೆ. ಹೊತ್ತಿಸಲು ಎರಡು ಪ್ಲಾಸ್ಟಿಕ್ ಕವರ್ ಸಾಕು. ಆ ಪ್ಲಾಸ್ಟಿಕ್ಕನ್ನು ಇವತ್ತೇ ನಿಲ್ಲಿಸಿ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯ ವಿಷ ಸೌದೆಯ ಹೊಗೆಗಿಂತ ಕೆಟ್ಟದ್ದು.

ಅತ್ತೆಯವರ ಜೊತೆ ಮಾತು ಎತ್ತುವಾಗ ‘ನಿಮ್ಮ ಒಲೆಯಿಂದ ಮಗನಿಗೆ ಹೀಗಾಯಿತು’ ಎಂದು ಶುರು ಮಾಡಬೇಡಿ. ಮನೆಯವರೆಲ್ಲ ಏಳುವ ಮೊದಲೇ ಎದ್ದು ಎಲ್ಲರಿಗೂ ಬಿಸಿನೀರು ಕಾಯಿಸುವುದು ಅವರ ಪ್ರೀತಿಯ ಕೆಲಸ. ಅದನ್ನು ಅಪರಾಧ ಮಾಡಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಅವರ ಕೆಮ್ಮಿನಿಂದ ಶುರು ಮಾಡಿ. ವರ್ಷಗಟ್ಟಲೆ ಒಲೆ ಊದಿದ ಹೆಂಗಸರಿಗೆ ಬೀಡಿ ಮುಟ್ಟದಿದ್ದರೂ ಬೀಡಿ ಸೇದಿದವರ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅವರನ್ನು ಒಮ್ಮೆ ಸ್ಪೈರೋಮೀಟರ್ ಪರೀಕ್ಷೆಗೆ ಕರೆದೊಯ್ಯಿರಿ, ಕಫದ ಪರೀಕ್ಷೆಯೂ ಆಗಲಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯ ಅಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ‘ನಿಮ್ಮ ಉಸಿರು ನಮಗೆ ಬೇಕು’ ಎಂದು ಸೊಸೆಯ ಬಾಯಿಂದ ಕೇಳಿದ ಮೇಲೆ ಒಲೆಯ ಮಾತು ತಾನಾಗಿಯೇ ಹಗುರಾಗುತ್ತದೆ.

ಒಲೆಗೆ ಬದಲು ಏನು? ನಮ್ಮ ಬಯಲುಸೀಮೆಗೆ ವರ್ಷದ ಹೆಚ್ಚಿನ ದಿನ ಒಳ್ಳೆಯ ಬಿಸಿಲಿದೆ. ತಾರಸಿಯಿದ್ದರೆ ಸೋಲಾರ್ ವಾಟರ್ ಹೀಟರ್ ಎಲ್ಲಕ್ಕಿಂತ ಒಳ್ಳೆಯದು. ಒಮ್ಮೆ ಖರ್ಚು, ಆಮೇಲೆ ಹೊಗೆಯೂ ಇಲ್ಲ, ಬಿಲ್ಲೂ ಇಲ್ಲ. ಮೂರ್ನಾಲ್ಕು ದನಗಳಿದ್ದರೆ ಗೋಬರ್ ಗ್ಯಾಸ್ ಯೋಚಿಸಿ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಸಗಣಿಗೆ ಬರವಿಲ್ಲ. ಕರೆಂಟ್ ಗೀಸರ್ ಹಾಕಿದರೆ ಅರ್ತಿಂಗ್ ಸರಿಯಾಗಿ ಮಾಡಿಸಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಇವು ಯಾವುವೂ ಈ ವರ್ಷ ಆಗದಿದ್ದರೆ ಸೌದೆಯನ್ನು ಚೆನ್ನಾಗಿ ಒಣಗಿಸಿ, ಒಲೆಗೆ ಕೊಳವೆ ಕಟ್ಟಿಸಿ ಸೂರಿನ ಮೇಲಕ್ಕೆ ಎತ್ತಿಸಿ, ಒಲೆ ಆರಿ ಹೊಗೆ ಹೋದ ಮೇಲೆ ಮಗನನ್ನು ಬಚ್ಚಲಿಗೆ ಕಳಿಸಿ. ರಾತ್ರಿ ಅವನು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಸೊಳ್ಳೆಪರದೆ ಕಟ್ಟಿ. ಒಂದು ಬತ್ತಿ ಪೂರ್ತಿ ಉರಿದರೆ 75ಕ್ಕೂ ಹೆಚ್ಚು ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆಂದು ಅಳೆದು ನೋಡಿದವರಿದ್ದಾರೆ.

ಯಜಮಾನರ ಗಾಡಿಗೆ ಬರೋಣ. ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಭೂಮಿಯ ಭಾರವನ್ನು ಒಬ್ಬ ತಂದೆಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ದಾಬಸ್‌ಪೇಟೆಯ ಗೋದಾಮು, ನೆಲಮಂಗಲದ ಹೆದ್ದಾರಿ, ಹೊಸಕೋಟೆಯ ಕಾರ್ಖಾನೆ, ದೇವನಹಳ್ಳಿಯ ವಿಮಾನ ನಿಲ್ದಾಣ ಎಲ್ಲವೂ ನಿಮ್ಮ ಜಿಲ್ಲೆಯ ಗಾಳಿಯಲ್ಲಿ ಪಾಲುದಾರರು. ಆ ದೊಡ್ಡ ರಸ್ತೆಯಲ್ಲಿ ಓಡುವ ಸಾವಿರಾರು ಗಾಡಿಗಳಲ್ಲಿ ಅವರದ್ದು ಒಂದು. ಅವರಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ, ಅದನ್ನು ಹೆಚ್ಚು ಕುಡಿಯುವವರಲ್ಲಿ ಚಾಲಕರೂ ಸೇರಿದ್ದಾರೆ. ಗೋದಾಮಿನ ಮುಂದೆ ಲೋಡಿಗೆ ಕಾಯುವಾಗ ಎಂಜಿನ್ ಆಫ್ ಮಾಡಲಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ತೋರಿಸಲಿ, ಓವರ್‌ಲೋಡ್ ಬೇಡ. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಯಾದರೆ ಸೈಲೆನ್ಸರಿನ ಹೊಗೆ ಫಿಲ್ಟರನ್ನು ಯಾವ ಮೆಕ್ಯಾನಿಕ್ ಹೇಳಿದರೂ ತೆಗೆಸುವುದು ಬೇಡ. ಇವುಗಳಲ್ಲಿ ಹೆಚ್ಚಿನವು ಡೀಸೆಲ್ಲನ್ನು ಉಳಿಸುತ್ತವೆ, ಎಲ್ಲವೂ ಎದೆಯನ್ನು ಉಳಿಸುತ್ತವೆ. ಮುಂದೆ ಗಾಡಿ ಬದಲಿಸುವ ಕಾಲ ಬಂದಾಗ ವಿದ್ಯುತ್ ಗೂಡ್ಸ್ ಗಾಡಿಯ ಲೆಕ್ಕವನ್ನೂ ಹಾಕಿ ನೋಡಲಿ. ದಿನಕ್ಕೆ ಗೊತ್ತಾದ ದೂರ ಓಡುವವರಿಗೆ ಅದು ಹೊಂದುತ್ತದೆ.

‘ಆ ಕರೆಂಟ್ ಬರುವುದೂ ಕಲ್ಲಿದ್ದಲಿನಿಂದಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಪಾಲು ಹೌದು. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಸ್ಥಾವರ ಕಲ್ಲಿದ್ದಲಿನಿಂದಲೇ ನಡೆಯುವುದು, ಅದರ ಬೂದಿ, ಹೊಗೆ ಅಲ್ಲಿಯ ಮಕ್ಕಳ ಎದೆಗೆ ಹೋಗುತ್ತದೆ. ನಮ್ಮ ಓಣಿ ಶುದ್ಧವಾಗಿ ಶಕ್ತಿನಗರ ಕಪ್ಪಾದರೆ ಅದನ್ನು ಪೂರ್ಣ ಗೆಲುವು ಎನ್ನಲಾಗದು. ಆದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥವು, ಗಾಳಿಯಂತ್ರಗಳು, ಜಲವಿದ್ಯುತ್ ಸೇರಿ ನಮ್ಮ ರಾಜ್ಯದ ಕರೆಂಟಿನಲ್ಲಿ ಹೊಗೆಯಿಲ್ಲದ ಪಾಲು ದೊಡ್ಡದಿದೆ. ಅದು ಬೆಳೆದಷ್ಟೂ ಎರಡೂ ಊರಿನ ಮಕ್ಕಳಿಗೆ ಒಳ್ಳೆಯದು.

ನಿಮ್ಮ ತಾಲ್ಲೂಕಿಗೆ ಇನ್ನೊಂದು ಹೊರೆ ಕಸದ್ದು. ಗುಂಡ್ಲಹಳ್ಳಿ, ಚಿಗರೇನಹಳ್ಳಿ ಕಡೆಯವರು ಬೆಂಗಳೂರಿನ ಕಸದ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಸಿ ಕಸ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಮಾಡುವ ಅನಿಲ. ಬೇಸಿಗೆಯಲ್ಲಿ ಕಸದ ಗುಡ್ಡೆಗೆ ಬೆಂಕಿ ಹತ್ತಿ ದಿನಗಟ್ಟಲೆ ಹೊಗೆಯಾಡುವುದಕ್ಕೂ ಅದೇ ಮೇವು. ಬಿಸಿಲಿನಲ್ಲಿ ವಾಹನದ ಹೊಗೆಯೊಡನೆ ಸೇರಿ ನೆಲಮಟ್ಟದ ಓಝೋನ್ ಹುಟ್ಟಲೂ ಮೀಥೇನ್ ನೆರವಾಗುತ್ತದೆ. ಓಝೋನ್ ಅಸ್ತಮಾವನ್ನು ಕೆರಳಿಸುತ್ತದೆ, ದ್ರಾಕ್ಷಿ ಎಲೆಯ ಮೇಲೂ ಕಂದು ಚುಕ್ಕೆ ಬೀಳಿಸುತ್ತದೆ. ಹಸಿ ಕಸ ಬೇರ್ಪಟ್ಟು ತಿಪ್ಪೆ ಗುಂಡಿಯಲ್ಲೋ ಗ್ಯಾಸ್ ಘಟಕದಲ್ಲೋ ಗೊಬ್ಬರವಾದರೆ ಹವಾಮಾನ, ಗಾಳಿ, ಬೆಳೆ ಮೂರೂ ಉಳಿಯುತ್ತವೆ.

ಆದರೆ ‘ಇಂಗಾಲ ಇಳಿಸಿದೆವು’ ಎಂದವರ ಊರಿನ ಗಾಳಿಯೆಲ್ಲ ಶುದ್ಧವಾಗಿರುತ್ತದೆ ಎಂದು ನಂಬಬೇಡಿ. ಒಂದು ಕಂಪನಿ ಇಲ್ಲಿ ಹೊಗೆ ಬಿಟ್ಟು ಬೇರೆಲ್ಲೋ ಮರ ನೆಡಿಸಿ ಲೆಕ್ಕ ಸರಿದೂಗಿಸಬಹುದು. ಅದರಿಂದ ನಿಮ್ಮ ಓಣಿಯ ಮಸಿ ಒಂದು ಚೂರೂ ಇಳಿಯುವುದಿಲ್ಲ. ಕಡಿದಷ್ಟು ಮರ ಮತ್ತೆ ಬೆಳೆದರೆ ಸೌದೆಗೆ ಇಂಗಾಲದ ಲೆಕ್ಕದಲ್ಲಿ ರಿಯಾಯಿತಿ ಸಿಗುತ್ತದೆ, ಎದೆಗೆ ಯಾವ ರಿಯಾಯಿತಿಯೂ ಇಲ್ಲ. ಕ್ರಷರ್ ದೂಳು, ಟಾರು ಕಿತ್ತ ರಸ್ತೆಯ ದೂಳಿಗೆ ಇಂಗಾಲದ ಜೊತೆ ಅಷ್ಟೇನೂ ನಂಟಿಲ್ಲ. ಅದಕ್ಕೆ ನೀರು ಚಿಮುಕಿಸುವುದು, ಲೋಡಿಗೆ ಹೊದಿಕೆ, ರಸ್ತೆ ದುರಸ್ತಿಯೇ ಮದ್ದು. ಹಾಗಾಗಿ ಯಾವ ಯೋಜನೆ ಬಂದರೂ ‘ನಮ್ಮೂರಲ್ಲಿ ಉರಿಯುವುದು ಯಾವುದು ನಿಲ್ಲುತ್ತದೆ?’ ಎಂದು ಕೇಳಿ.

ಒಲೆ ಆರಿಸಿದ ಮಾತ್ರಕ್ಕೆ ಮಗನ ಅಸ್ತಮಾ ಮಾಯವಾಗುತ್ತದೆ ಎಂಬ ಆಸೆ ಹುಟ್ಟಿಸಲಾರೆ. ನೆಗಡಿ, ಹಾಸಿಗೆಯ ದೂಳುಹುಳು, ಮನೆತನದಿಂದ ಬಂದ ಒಗ್ಗದಿಕೆ ಎಲ್ಲವೂ ಅದರಲ್ಲಿವೆ. ಆದರೆ ಕೆರಳಿಸುವ ಕಾರಣಗಳಲ್ಲಿ ಒಂದೊಂದನ್ನು ತೆಗೆದಷ್ಟೂ ಗೊರಗೊರ ಎನ್ನುವ ರಾತ್ರಿಗಳು ಕಡಿಮೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಕ್ಯಾಲೆಂಡರಿನಲ್ಲಿ ಉಬ್ಬಸ ಬಂದ ರಾತ್ರಿಗೆ ಒಂದು ಗುರುತು ಹಾಕುತ್ತಾ ಬನ್ನಿ, ಆ ದಿನ ಒಲೆ ಉರಿದಿತ್ತೇ, ಪಕ್ಕದಲ್ಲಿ ಕಸ ಸುಟ್ಟಿದ್ದರೇ ಎಂದೂ ಬರೆದಿಡಿ. ಡಾಕ್ಟರಿಗೆ ಅದು ಬೆಲೆಬಾಳುವ ಕಾಗದ.

ಅದೇ ಕಾಗದ ಗ್ರಾಮಸಭೆಗೂ ಬೇಕು. ಬಯಲಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಅದೇ ವರ್ಷ ಹಸಿರು ನ್ಯಾಯಮಂಡಳಿ ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ನಿಗದಿ ಮಾಡಿದೆ. ದಂಡಕ್ಕಿಂತ ವಾರಕ್ಕೆ ಎರಡು ಸಲ ಒಣ ಕಸ ಎತ್ತುವ ಗಾಡಿ ಬಂದರೆ ಹೆಚ್ಚು ಕೆಲಸವಾಗುತ್ತದೆ, ಅದನ್ನೇ ಮೊದಲು ಕೇಳಿ. ಶಾಲೆ, ಅಂಗನವಾಡಿಗಳ ಸುತ್ತ ಸುಡುವುದು ಪೂರ್ತಿ ನಿಲ್ಲಲಿ, ಅಂಗನವಾಡಿಯ ಬಿಸಿನೀರಿಗೆ ಸೋಲಾರ್ ಬರಲಿ, ರಸ್ತೆ ಬದಿ ಗಾಡಿಗಳು ಎಂಜಿನ್ ಓಡಿಸುತ್ತಾ ನಿಲ್ಲದಂತೆ ಫಲಕ ಹಾಕಲಿ. ಆಶಾ ಕಾರ್ಯಕರ್ತೆಯನ್ನೂ ಸ್ತ್ರೀಶಕ್ತಿ ಸಂಘದವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಬನ್ನಿ. ಹವಾಮಾನದ ಒಪ್ಪಂದಗಳನ್ನು ದೊಡ್ಡವರು ದೂರದ ಊರುಗಳಲ್ಲಿ ಮಾಡುತ್ತಾರೆ. ಮಕ್ಕಳು ಉಸಿರಾಡುವ ಗಾಳಿಯ ತೀರ್ಮಾನದಲ್ಲಿ ತಾಯಂದಿರಿಗೂ ಹಕ್ಕಿನ ಪಾಲಿದೆ. ಅದನ್ನು ಕೇಳಿ ಪಡೆಯಿರಿ.